ಹೊಳೆಯ ದಾರಿ ಗೊತ್ತಿಲ್ಲವೆಂದ ಅತ್ತಿಗೆ

ನನ್ನ ಅತ್ತಿಗೆ ನಮ್ಮ ಮನೆಗೆ ಬಂದಾಗ ಅವಳಿಗೆ ಹತ್ತೊಂಬತ್ತು ವರ್ಷ, ನನಗೆ ಹದಿಮೂರು. ಐವತ್ತರ ದಶಕ ಮುಗಿಯುತ್ತ ಬಂದಿತ್ತು. ಬಂಟ್ವಾಳ ಪೇಟೆಯಿಂದ ಹೊಳೆಯ ಕಡೆಗೆ ಇಳಿಯುವ ಓಣಿಯಲ್ಲಿ ಒಂದು ಹಂಚಿನ ಬಾಡಿಗೆ ಮನೆ ನಮ್ಮದು. ಅಪ್ಪ, ಅಮ್ಮ, ಅಣ್ಣ ಮತ್ತು ನಾನು. ಅಣ್ಣನ ಮದುವೆ ಒಂದು ವರ್ಷ ಮೊದಲೇ ನಿಶ್ಚಯವಾಗಿತ್ತು. ಅದು ನಡೆಯುವ ಹೊತ್ತಿಗೆ ಮನೆಯ ಸ್ಥಿತಿ ಬೇರೆಯೇ ಆಗಿತ್ತು. ಅದನ್ನು ಹುಡುಗಿಯ ಕಡೆಯವರಿಗೆ ಹೇಳುವ ಧೈರ್ಯ ನಮ್ಮಲ್ಲಿ ಯಾರಿಗೂ ಬರಲಿಲ್ಲ.

ಅಪ್ಪ ಇಪ್ಪತ್ತೆಂಟು ವರ್ಷ ಹೊಳೆಬದಿಯ ಒಂದು ಬಂಡಸಾಲೆಯಲ್ಲಿ ಲೆಕ್ಕ ಬರೆಯುವ ರೈಟರಾಗಿದ್ದರು. ಘಟ್ಟದ ಕಡೆಯಿಂದ ಗಾಡಿಗಳಲ್ಲಿ ಬಂದ ಸರಕನ್ನು ತುಂಬಿಟ್ಟು, ದೋಣಿಗೆ ಏರಿಸಿ ಮಂಗಳೂರಿಗೆ ಕಳಿಸುವ ದೊಡ್ಡ ಗೋದಾಮು ಅದು. ಹುಲ್ಲಿನಲ್ಲಿ ಕಟ್ಟಿದ ಮುಡಿ ಅಕ್ಕಿ, ಭತ್ತ, ಅಡಿಕೆ, ಮೆಣಸು ಎಲ್ಲ ಅಪ್ಪನ ಕಣ್ಣೆದುರಿಗೇ ಹೋಗಬೇಕು. ಭತ್ತದ ಚೀಲಕ್ಕೆ ಕೈ ಹಾಕಿ ನಾಲ್ಕು ಕಾಳು ತೆಗೆದು, ಉಗುರಿನಲ್ಲಿ ಸಿಪ್ಪೆ ಬಿಡಿಸಿ, ಹಲ್ಲಿನಲ್ಲಿ ಕಚ್ಚಿ ನೋಡಿದರೆ ಅದು ಯಾವ ಬೆಳೆಯದ್ದು, ಎಷ್ಟು ಒಣಗಿದೆ ಎಂದು ಹೇಳುತ್ತಿದ್ದರು. ಆಮೇಲೆ ಲಾರಿಗಳು ಬಂದವು. ದೋಣಿಗಳು ವರ್ಷದಿಂದ ವರ್ಷಕ್ಕೆ ಕಡಿಮೆಯಾದವು. ಒಂದು ದಿನ ಧಣಿಗಳು ಬಂಡಸಾಲೆಗೆ ಬೀಗ ಹಾಕಿ ಮಗನೊಡನೆ ಇರಲು ಮಂಗಳೂರಿಗೆ ಹೋದರು. ಅಪ್ಪ ಮನೆಗೆ ಬಂದು ಜಗಲಿಯ ಕಂಬಕ್ಕೆ ಒರಗಿ ಕೂತರು.

ಮೊದಲ ವಾರ ವಿಶ್ರಾಂತಿ ಎಂದುಕೊಂಡೆವು. ಒಂದು ತಿಂಗಳಾಯಿತು, ಎರಡಾಯಿತು. ಅಪ್ಪ ಅಲ್ಲಿಂದ ಏಳುತ್ತಿದ್ದದ್ದು ಬಚ್ಚಲಿಗೆ ಮತ್ತು ಚಾಪೆಗೆ ಮಾತ್ರ. ಉಣ್ಣಲು ಕರೆದರೆ ಹಸಿವಿಲ್ಲ ಎನ್ನುತ್ತಿದ್ದರು. ಕಾಲು ಬಾತುಕೊಂಡಿತು. ಬಾವಿಕಟ್ಟೆಯವರೆಗೆ ನಡೆದರೂ ಏದುಸಿರು. ಪೇಟೆಯ ಪಂಡಿತರು ಬಂದು ನಾಡಿ ಹಿಡಿದು, ರೋಗ ಏನೂ ಕಾಣುವುದಿಲ್ಲ ಎಂದು ಹೇಳಿ ಒಂದು ಕಷಾಯ ಬರೆದುಕೊಟ್ಟು ಹೋದರು. ಅಮ್ಮ ತನ್ನ ಮದುವೆಯಲ್ಲಿ ಬಂದ ಹಿತ್ತಾಳೆ ಪಾತ್ರೆಗಳನ್ನು ಒಂದೊಂದಾಗಿ ಸೆರಗಿನಲ್ಲಿ ಮುಚ್ಚಿಕೊಂಡು ಪೇಟೆಗೆ ಹೋಗಿ, ಅದನ್ನು ಮಾರಿ ಅಕ್ಕಿಯೊಡನೆ ವಾಪಸಾಗುತ್ತಿದ್ದಳು. ಅಡಿಗೆಮನೆಯ ಅಟ್ಟ ಖಾಲಿಯಾಗುತ್ತಿರುವುದನ್ನು ನಾನು ನೋಡುತ್ತಿದ್ದೆ, ಕೇಳುತ್ತಿರಲಿಲ್ಲ.

ದುಡಿಯುವವನು ಅಣ್ಣನೊಬ್ಬ. ಬಸ್ಸಿನಲ್ಲಿ ಕಂಡಕ್ಟರ್. ಬಂಟ್ವಾಳದಿಂದ ಸಿದ್ಧಕಟ್ಟೆ ದಾರಿಯಾಗಿ ಮೂಡಬಿದಿರೆಗೆ ಹೋಗಿ ಬರುವ ಬಸ್ಸು. ಬೆಳಗ್ಗೆ ಹೊರಟರೆ ಹೊತ್ತು ಕಂತಿದ ಮೇಲೆ ಮನೆಗೆ. ಊಟದ ಬದಲು ಹೋಟೆಲಿನ ಚಾ, ಅದರ ಹಿಂದೆ ಬೀಡಿ. ಇಪ್ಪತ್ತನಾಲ್ಕು ವರ್ಷಕ್ಕೇ ಹೊಟ್ಟೆ ಉರಿ ಎಂದು ಮುಖ ಕಿವುಚಿಕೊಂಡು ಮಲಗುತ್ತಿದ್ದ. ಒಂದು ಸಂಜೆ ಅಕ್ಕಿ ತಂದಿಲ್ಲ ಎಂದು ಅಮ್ಮ ಏನೋ ಅಂದಳು. ಅಣ್ಣ ಎದ್ದು ಜಗಲಿಗೆ ಹೋಗಿ ಅಪ್ಪನ ಎದುರು ನಿಂತು ಹೇಳಿದ:

"ದೋಣಿ ನಿಂತುಹೋಗ್ತದೆ ಅಂತ ಇಡೀ ಪೇಟೆಗೆ ಗೊತ್ತಿತ್ತು. ನಿಮಗೊಬ್ಬರಿಗೆ ಗೊತ್ತಿರಲಿಲ್ಲ."

ಅಪ್ಪ ತಲೆ ಎತ್ತಲಿಲ್ಲ. ಆ ದಿನದಿಂದ ಅವರಿಬ್ಬರ ನಡುವೆ ಮಾತು ನಿಂತಿತು. ಅತ್ತಿಗೆ ಬಲಗಾಲಿಟ್ಟು ಒಳಗೆ ಬಂದದ್ದು ಇಂಥ ಮನೆಗೆ.

ಅವಳು ಶಿರ್ತಾಡಿಯ ಕಡೆಯವಳು. ಎತ್ತರದ ಹುಡುಗಿ, ಅಗಲವಾದ ಭುಜ, ಮಾತು ಕಡಿಮೆ. ತವರಿನಿಂದ ತಂದ ಗಂಟಿನಲ್ಲಿ ಎರಡು ಸೀರೆಗಳ ಜೊತೆಗೆ ಒದ್ದೆ ಬಟ್ಟೆಯಲ್ಲಿ ಸುತ್ತಿದ ಬಸಳೆಯ ಕಡ್ಡಿಗಳು, ಹರಿವೆ ಬೀಜ, ಒಂದು ನುಗ್ಗೆಯ ಗೂಟ ಇದ್ದವು. ಬಂದ ಮೂರನೆಯ ದಿನವೇ ಹಿತ್ತಿಲಿನಲ್ಲಿ ಅವನ್ನೆಲ್ಲ ನೆಟ್ಟಳು. ಮನೆಯ ಸ್ಥಿತಿಯನ್ನು ಅವಳಿಗೆ ಯಾರೂ ಬಿಡಿಸಿ ಹೇಳಲಿಲ್ಲ. ಖಾಲಿ ಅಟ್ಟ, ಜಗಲಿಯ ಕಂಬ, ಅಣ್ಣನ ಬೀಡಿ ಎಲ್ಲವನ್ನೂ ಅವಳು ಒಂದು ವಾರ ಸುಮ್ಮನೆ ನೋಡಿದಳು.

ಎಂಟನೆಯ ದಿನ ಬೆಳಗ್ಗೆ, ಆಗ ತಾನೇ ಬೆಳಕು ಹರಿಯುತ್ತಿತ್ತು, ಅವಳು ಬಟ್ಟೆಯ ಬುಟ್ಟಿ ಸೊಂಟಕ್ಕೆ ಇಟ್ಟುಕೊಂಡು ಅಪ್ಪನ ಚಾಪೆಯಿಂದ ಸ್ವಲ್ಪ ದೂರದಲ್ಲಿ ನಿಂತಳು. ನಮ್ಮ ಮನೆಮಾತು ತುಳು. ಅವಳು ಹೇಳಿದ್ದನ್ನು ಕನ್ನಡದಲ್ಲಿ ಬರೆದರೆ ಹೀಗಾಗುತ್ತದೆ:

"ಮಾವ, ನನಗೆ ಹೊಳೆಯ ದಾರಿ ಗೊತ್ತಿಲ್ಲ. ಒಬ್ಬಳೇ ಹೋಗ್ಲಿಕ್ಕೆ ಹೆದರಿಕೆ. ನೀವು ಬರ್ತೀರಾ?"

ಹೊಳೆ ನಮ್ಮ ಅಂಗಳದಿಂದಲೇ ಕಾಣುತ್ತಿತ್ತು. ಓಣಿ ಇಳಿದರೆ ನೇರ ನೀರಿಗೇ ಹೋಗಿ ಮುಟ್ಟುತ್ತದೆ, ತಪ್ಪಿಹೋಗಲು ಬೇರೆ ದಾರಿಯೇ ಇಲ್ಲ. ಆ ಏಳು ದಿನವೂ ಅವಳು ನನ್ನೊಡನೆ ಅಲ್ಲಿಗೆ ಹೋಗಿ ಬಂದವಳೇ. ನಾನು ಬಾಯಿ ತೆರೆಯುವಷ್ಟರಲ್ಲಿ ಅವಳು ನನ್ನ ಕಡೆ ಒಮ್ಮೆ ನೋಡಿದಳು. ನಾನು ಬಾಯಿ ಮುಚ್ಚಿದೆ.

ಹೊಸ ಸೊಸೆ ಕೇಳಿದ ಮೊದಲ ಮಾತು. ಇಲ್ಲ ಎನ್ನಲು ಅಪ್ಪನಿಗೆ ಆಗಲಿಲ್ಲ. ಗೋಡೆ ಹಿಡಿದುಕೊಂಡು ಎದ್ದರು, ಮೈ ಒರೆಸುವ ಬೈರಾಸನ್ನು ಹೆಗಲಿಗೆ ಹಾಕಿಕೊಂಡರು, ಕೋಲು ಹಿಡಿದರು. ಆ ಇನ್ನೂರು ಹೆಜ್ಜೆ ಹೋಗಲು ನಾಲ್ಕು ಕಡೆ ನಿಂತರು. ಅತ್ತಿಗೆ ಪ್ರತಿ ಸಲವೂ ತಾನೇ ಏನೋ ನೆಪ ತೆಗೆದು ಮೊದಲು ನಿಲ್ಲುತ್ತಿದ್ದಳು. ಬುಟ್ಟಿ ಭಾರವಾಯಿತು ಅಂದಳು, ಕಾಲಿಗೆ ಕಲ್ಲು ಚುಚ್ಚಿತು ಅಂದಳು, ಇದು ಯಾರ ಮನೆ ಎಂದು ಕೇಳಿದಳು. ಮರುದಿನವೂ ಅವಳಿಗೆ ದಾರಿ ಗೊತ್ತಿರಲಿಲ್ಲ. ಅದರ ಮರುದಿನವೂ. ಒಂದು ತಿಂಗಳಾದ ಮೇಲೆ ಅವಳು ಕೇಳುವುದನ್ನು ಬಿಟ್ಟಳು. ಅಪ್ಪನೇ ಬೈರಾಸು ಹಾಕಿಕೊಂಡು ಅಂಗಳದಲ್ಲಿ ಕಾಯುತ್ತಿದ್ದರು.

ಮಳೆಗಾಲದಲ್ಲಿ ಹೊಳೆ ಕೆಂಪಾಗಿ ಉಕ್ಕಿ ಮೆಟ್ಟಿಲುಗಳನ್ನೆಲ್ಲ ನುಂಗಿತು. ಇನ್ನು ಈ ಸುತ್ತಾಟ ನಿಲ್ಲುತ್ತದೆ ಎಂದು ಅಮ್ಮ ಅಂದುಕೊಂಡಳು. ಅತ್ತಿಗೆ ದಾರಿಯನ್ನು ಬದಲಿಸಿದಳು. ತಾಳೆಗರಿಯ ಓಲಿ ಕೊಡೆ ಹಿಡಿದು ಪೇಟೆಯ ಮೇಲಿನ ರಸ್ತೆಯಲ್ಲಿ ಪಾಣೆಮಂಗಳೂರಿನ ಕಬ್ಬಿಣದ ಸೇತುವೆಯವರೆಗೆ ಹೋಗಿ, ನೀರು ಎಷ್ಟು ಏರಿದೆ ಎಂದು ನೋಡಿ ಬರುವುದು. ಅಪ್ಪನಿಗೆ ಹೊಳೆಯ ನೀರು ನೋಡುವುದೆಂದರೆ ಹಳೆಯ ಕೆಲಸ. ಯಾವ ಗುರುತಿಗೆ ಬಂದರೆ ಪೇಟೆಗೆ ನುಗ್ಗುತ್ತದೆ ಎಂದು ಅವಳಿಗೆ ವಿವರಿಸುತ್ತ ನಡೆಯುತ್ತಿದ್ದರು. ನಾನು ಶಾಲೆಯ ಚೀಲ ಹೊತ್ತು ಹಿಂದೆ ಹೋಗುತ್ತಿದ್ದೆ. ಎಷ್ಟೋ ತಿಂಗಳ ಮೇಲೆ ಅಪ್ಪ ಒಂದು ವಾಕ್ಯವನ್ನು ಪೂರ್ತಿ ಹೇಳಿದ್ದನ್ನು ಕೇಳಿದ್ದು ಆ ಸೇತುವೆಯ ಮೇಲೆ.

ಮನೆಯೊಳಗೂ ನಿಧಾನವಾಗಿ ಒಂದು ಹೊತ್ತುಗೊತ್ತು ಬಂತು. ಅವಳು ಯಾವುದನ್ನೂ ನಿಯಮ ಎಂದು ಹೇಳಲಿಲ್ಲ. ನಡೆದು ಬಂದ ಕೂಡಲೇ ಕುಚ್ಚಲಕ್ಕಿ ಗಂಜಿ ಬಡಿಸಿರುತ್ತಿತ್ತು. ಅದರ ಜೊತೆಗೆ ಗದ್ದೆಯ ಅಂಚಿನಲ್ಲಿ ಕಿತ್ತು ತಂದ ತಿಮರೆ ಸೊಪ್ಪಿನ ಚಟ್ನಿ. ಮಧ್ಯಾಹ್ನ ಹುರುಳಿ ಸಾರು, ನಾಲ್ಕು ದಿನಕ್ಕೊಮ್ಮೆ ಬಸಳೆ. ಅಕ್ಕಿ ಕಡಿಮೆಯಿದ್ದ ದಿನ ಗಂಜಿ ತೆಳ್ಳಗಾಗುತ್ತಿತ್ತು, ಆದರೆ ಹೊತ್ತು ತಪ್ಪುತ್ತಿರಲಿಲ್ಲ. ಕಾಫಿಪುಡಿ ಮುಗಿದಾಗ ಇನ್ನು ತರುವುದು ಬೇಡ ಎಂದು ಕೊತ್ತಂಬರಿ ಜೀರಿಗೆ ಹುರಿದು ಪುಡಿ ಮಾಡಿಟ್ಟಳು. ಅಣ್ಣನಿಗೆ ಬಾಳೆ ಎಲೆಯಲ್ಲಿ ಬುತ್ತಿ ಕಟ್ಟಿ ಕೊಟ್ಟಳು. ಮೊದಮೊದಲು ಅದು ಹಾಗೆಯೇ ವಾಪಸು ಬರುತ್ತಿತ್ತು. ಅವಳು ಅದನ್ನು ತಾನೇ ತಿಂದು, ಮರುದಿನ ಮತ್ತೆ ಕಟ್ಟುತ್ತಿದ್ದಳು. ವಾಪಸು ಬಂದ ಆ ಬುತ್ತಿಯೇ ಅವಳ ರಾತ್ರಿಯ ಊಟವಾಗುತ್ತಿದೆ ಎಂದು ಅಣ್ಣನಿಗೆ ತಿಳಿದದ್ದು ನನ್ನಿಂದ. ಆ ಮೇಲೆ ಎಲೆ ಖಾಲಿಯಾಗಿ ಬರಲು ಸುರುವಾಯಿತು.

ಒಂದೇ ಒಂದು ಮಾತನ್ನು ಅವಳು ಬಾಯಿಬಿಟ್ಟು ಕೇಳಿಕೊಂಡದ್ದುಂಟು. ಸಂಜೆ ಎಲ್ಲರೂ ಉಣ್ಣಲು ಕೂತಾಗ ಅಮ್ಮ ಎಂದಿನಂತೆ ಬಾಡಿಗೆಯ ವಿಷಯ ಎತ್ತಿದಳು. ಅಣ್ಣನ ಕೈ ತಟ್ಟೆಯಲ್ಲೇ ನಿಂತಿತು. ಅಪ್ಪ ಏಳಲು ನೋಡಿದರು. ಅತ್ತಿಗೆ ಸೌಟು ಕೆಳಗಿಟ್ಟು ತಲೆ ಬಗ್ಗಿಸಿಕೊಂಡೇ ಹೇಳಿದಳು:

"ಅತ್ತೆ, ಉಣ್ಣುವಾಗ ದುಡ್ಡಿನ ಸುದ್ದಿ ಬೇಡ. ಉಂಡು ಕೈ ತೊಳೆದ ಮೇಲೆ ನಾವೆಲ್ಲ ಕೂತು ಮಾತಾಡುವ. ನಾನೂ ಕೂತುಕೊಳ್ತೇನೆ."

ಸೊಸೆ ಅತ್ತೆಗೆ ಹೀಗೆ ಹೇಳುವ ಕಾಲ ಅದಲ್ಲ. ಅಮ್ಮನ ಮುಖ ಕೆಂಪಾಯಿತು. ಆದರೆ ಅಪ್ಪ ಏಳಲಿಲ್ಲ, ತಟ್ಟೆಯಲ್ಲಿದ್ದದ್ದನ್ನು ಪೂರ್ತಿ ಉಂಡರು. ಅದನ್ನು ನೋಡಿ ಅಮ್ಮ ಸುಮ್ಮನಾದಳು. ಕೈ ತೊಳೆದ ಮೇಲೆ ಬಾಡಿಗೆಯ ಮಾತು ಬಂತು. ಹೊಟ್ಟೆ ತುಂಬಿದ ಮೇಲೆ ಅದೇ ಮಾತು ಸ್ವಲ್ಪ ತಗ್ಗಿದ ದನಿಯಲ್ಲಿ ನಡೆಯಿತು, ಅಷ್ಟೆ. ಬಾಡಿಗೆ ಕಟ್ಟಲು ಅತ್ತಿಗೆಯ ಒಂದು ಬಳೆ ಹೋಯಿತು. ನಡೆದದ್ದರಿಂದ, ಹೊತ್ತಿಗೆ ಸರಿಯಾಗಿ ಉಂಡದ್ದರಿಂದ ನಮ್ಮ ಮನೆಗೆ ಹಣ ಬಂತು ಎಂದು ನಾನು ಹೇಳುತ್ತಿಲ್ಲ. ಆ ವರ್ಷ ನಾವು ನಿಜವಾಗಿಯೂ ಬಡವರಾದೆವು. ಆದರೆ ಮನೆಯಲ್ಲಿ ಒಬ್ಬರೂ ಹಾಸಿಗೆ ಹಿಡಿಯಲಿಲ್ಲ.

ದೀಪಾವಳಿ ಕಳೆದು ಹೊಳೆ ತಿಳಿಯಾಯಿತು. ನಡುವೆ ಮರಳಿನ ದಿಬ್ಬ ಎದ್ದಿತು. ಒಂದು ಬೆಳಗ್ಗೆ ನಾನು ಬಟ್ಟೆ ಒಗೆಯುವ ಕಲ್ಲಿನ ಬಳಿಗೆ ಅವಳಿಗಿಂತ ಸ್ವಲ್ಪ ತಡವಾಗಿ ಹೋದೆ. ಅಪ್ಪ ಇನ್ನೂ ಓಣಿಯಲ್ಲಿ ಯಾರೊಡನೆಯೋ ಮಾತಾಡುತ್ತ ನಿಂತಿದ್ದರು. ಅತ್ತಿಗೆ ಕಲ್ಲಿನ ಮೇಲೆ ಕೂತು ಸೆರಗನ್ನು ಬಾಯಿಗೆ ಒತ್ತಿಕೊಂಡು ಅಳುತ್ತಿದ್ದಳು. ಹಿಂದಿನ ಸಂಜೆ ಅಣ್ಣ ಅವಳ ಮೇಲೆ ರೇಗಿದ್ದ. ಮನೆಯಲ್ಲಿ ಅಕ್ಕಿ ಇಲ್ಲ, ನಿಮಗೆ ದಿನಾ ಬೆಳಗ್ಗೆ ಮೆರವಣಿಗೆ ಹೋಗುವ ಗಮ್ಮತ್ತು ಎಂದಿದ್ದ. ಅದಕ್ಕೇ ಇರಬೇಕೆಂದು ನಾನು ಹತ್ತಿರ ಹೋಗಿ ನಿಂತೆ. ಅವಳು ಕಣ್ಣೊರೆಸಿಕೊಂಡು, ನಾನು ಕೇಳದಿದ್ದರೂ ಹೇಳಿದಳು:

"ನನ್ನ ಅಪ್ಪನಿಗೂ ಕಾಯಿಲೆ ಏನೂ ಇರಲಿಲ್ಲ ತಂಗಿ. ಅಂಗಡಿ ಮುಚ್ಚಿತು, ಬಂದು ಕೂತರು. ನಾವು ಪಾಪ ಅಂತ ಹೇಳಿ ಕೂತಲ್ಲಿಗೇ ಗಂಜಿ ಕೊಟ್ಟೆವು, ಕೂತಲ್ಲಿಗೇ ನೀರು ಕೊಟ್ಟೆವು. ಒಂದು ವರ್ಷದಲ್ಲಿ ಮುಗಿಯಿತು. ಆಗ ನನಗೆ ನಿನ್ನ ಪ್ರಾಯ."

ಅಷ್ಟು ಹೇಳಿ ಅವಳು ಎದ್ದು ಸೀರೆಯನ್ನು ಕಚ್ಚೆ ಹಾಕಿ ಬಿಗಿದು ನೀರಿಗಿಳಿದಳು. ಸೊಂಟದವರೆಗೆ ಬಂದ ಮೇಲೆ ಮುಂದಕ್ಕೆ ಬಿದ್ದು ಈಜತೊಡಗಿದಳು. ಶಿರ್ತಾಡಿಯ ಮನೆಯ ಹತ್ತಿರ ಒಂದು ದೊಡ್ಡ ಕೆರೆಯಿತ್ತಂತೆ, ಅಣ್ಣಂದಿರ ಜೊತೆ ಅಲ್ಲಿ ಕಲಿತದ್ದಂತೆ. ನನಗೆ ಅದೆಲ್ಲ ಆಮೇಲೆ ತಿಳಿದದ್ದು. ಆಗ ನಾನು ಬರೀ ನೋಡಿದೆ. ಒಂದು ಹೆಂಗಸು ಹೊಳೆಯಲ್ಲಿ ಹಾಗೆ ಹೋಗುವುದನ್ನು ನಾನು ಅಲ್ಲಿಯವರೆಗೆ ಕಂಡಿರಲಿಲ್ಲ. ಸದ್ದಿಲ್ಲ, ನೀರು ಸಿಡಿಯುವುದಿಲ್ಲ. ಎರಡು ತೋಳು ಒಂದಾದ ಮೇಲೊಂದು ಏಳುತ್ತಿವೆ, ಇಳಿಯುತ್ತಿವೆ. ಸೂರ್ಯ ಆಗಷ್ಟೇ ಮೇಲೆ ಬಂದು ನೀರಿನ ಮೈಯೆಲ್ಲ ಹೊಳೆಯುತ್ತಿತ್ತು. ಅವಳು ಆ ಬೆಳಕಿನ ನಡುವೆ ಚಿಕ್ಕದಾಗುತ್ತ ಹೋಗಿ ಮರಳದಿಬ್ಬದ ಮೇಲೆ ಎದ್ದು ನಿಂತಳು. ನಮ್ಮ ಮನೆಯ ಸೌಟು ಹಿಡಿಯುವ ಅತ್ತಿಗೆಯೇ ಅವಳು ಎಂದು ನಂಬಲು ನನಗೆ ಕಷ್ಟವಾಯಿತು.

ತಿರುಗಿ ನೋಡಿದರೆ ಅಪ್ಪ ನನ್ನ ಪಕ್ಕದಲ್ಲಿ ನಿಂತಿದ್ದರು. ಕೋಲನ್ನು ಕಲ್ಲಿಗೆ ಒರಗಿಸಿದರು. ಅಂಗಿ ಬಿಚ್ಚಿ ಮಡಚಿ ನನ್ನ ಕೈಗೆ ಕೊಟ್ಟರು. ಹೊಳೆಯ ದಡದಲ್ಲೇ ಹುಟ್ಟಿ ಬೆಳೆದ ಅವರು ಕಡೆಯ ಸಲ ನೀರಿಗಿಳಿದು ಇಪ್ಪತ್ತು ವರ್ಷವಾಗಿತ್ತೆಂದು ಅಮ್ಮ ಹೇಳುತ್ತಿದ್ದಳು. ಕಾಲು ಇಟ್ಟರು, ನಿಂತರು, ಇನ್ನೂ ಒಂದು ಹೆಜ್ಜೆ ಇಟ್ಟರು. ಆಮೇಲೆ ನೀರು ಅವರನ್ನು ಎತ್ತಿಕೊಂಡಿತು. ನಾಲ್ಕು ಕೈ ಬೀಸಿ, ಮಗುಚಿ ಮಲಗಿ, ಆಕಾಶ ನೋಡುತ್ತ ತೇಲಿದರು. ಅವರು ನಗುತ್ತಿದ್ದರು. ದಡದಲ್ಲಿದ್ದ ನನಗೆ ಆ ನಗು ಕೇಳಿಸಿತು.

ಅದೇ ಹೊತ್ತಿಗೆ ಅಮ್ಮ ಓಣಿಯಿಂದ ಧಾವಿಸಿ ಬಂದಳು. ಬಟ್ಟೆಕಲ್ಲಿನ ಹೆಂಗಸರು ಯಾರೋ ಹೋಗಿ, ನಿಮ್ಮ ಸೊಸೆ ಹೊಳೆಗೆ ಹಾರಿದಳು ಎಂದು ಹೇಳಿದ್ದರಂತೆ. ಬೈಯಲು ಸಿದ್ಧವಾಗಿಯೇ ಬಂದವಳು ನೀರಿನಲ್ಲಿ ಅಪ್ಪನನ್ನು ಕಂಡು ಮೆಟ್ಟಿಲಿನ ಮೇಲೆ ಹಾಗೆಯೇ ಕೂತುಬಿಟ್ಟಳು. ಅಪ್ಪ ದಡಕ್ಕೆ ಬರುವವರೆಗೂ ಅವಳು ಅವರ ಮೇಲಿನ ಕಣ್ಣು ತೆಗೆಯಲಿಲ್ಲ. ಮರುದಿನ ಬೆಳಗ್ಗೆ ನಾವು ಹೊರಡುವಾಗ ಬುಟ್ಟಿಯ ಮೇಲೆ ಒಗೆದು ಒಣಗಿಸಿದ ಎರಡು ಬೈರಾಸು ಇದ್ದವು. ಇಟ್ಟವಳು ಅಮ್ಮ.

ಭತ್ತದ ಕೊಯಿಲು ಮುಗಿದ ಮೇಲೆ ಅಣ್ಣ ಬಸ್ಸಿನಲ್ಲಿ ಒಂದು ಸುದ್ದಿ ಕೇಳಿಕೊಂಡು ಬಂದ. ಮೂಡಬಿದಿರೆಯ ಒಬ್ಬ ಜೈನ ಧಣಿಗಳ ಅಕ್ಕಿ ಮಿಲ್ಲಿಗೆ ಒಬ್ಬ ಜನ ಬೇಕಂತೆ. ಊರೂರು ತಿರುಗಿ, ಭತ್ತ ನೋಡಿ ಆರಿಸಿ, ಗಾಡಿಗಳಿಗೆ ಹೇರಿಸಿ ಕಳಿಸಬೇಕು. ಅಣ್ಣ ಇದನ್ನು ಅಪ್ಪನಿಗೆ ಹೇಳಲಿಲ್ಲ, ಹೆಂಡತಿಗೆ ಹೇಳಿದ. ಕೆಲಸ ಅಪ್ಪನಿಗೆ ಹೇಳಿ ಮಾಡಿಸಿದ ಹಾಗಿದೆ, ಆದರೆ ದಿನಾ ಅಷ್ಟು ನಡೆಯಲು ಅವರಿಂದ ಆಗ್ಲಿಕ್ಕಿಲ್ಲ ಎಂದೂ ಸೇರಿಸಿದ. ಮರುದಿನ ಹೊಳೆಯಿಂದ ಬರುವಾಗ ಅತ್ತಿಗೆ ಒದ್ದೆ ಕೂದಲು ಹಿಂಡಿಕೊಳ್ಳುತ್ತ ಅಪ್ಪನಿಗೆ ಅದನ್ನು ಇದ್ದ ಹಾಗೆಯೇ ತಿಳಿಸಿದಳು, ಅಣ್ಣನ ಕೊನೆಯ ಮಾತನ್ನು ಬಿಡದೆ.

ಮನೆ ಮುಟ್ಟಿದ ಮೇಲೆ ಅಪ್ಪ ಅಂಗಳದಲ್ಲಿ ನಿಂತು ಕೇಳಿದರು:

"ಬೆದ್ರಕ್ಕೆ ಎಷ್ಟು ದೂರ ಉಂಟು?"

ನಮ್ಮ ಕಡೆಯ ಮಾತಿನಲ್ಲಿ ಮೂಡಬಿದಿರೆ ಎಂದರೆ ಬೆದ್ರ. ಹದಿನಾರು ಮೈಲು ಎನ್ನುತ್ತಾರೆ ಎಂದಳು ಅತ್ತಿಗೆ.

"ನಡೆದೇ ಹೋಗುವ," ಎಂದರು ಅಪ್ಪ.

ಬಸ್ಸಿಗೆ ಕೊಡಲು ಮನೆಯಲ್ಲಿ ಇರಲಿಲ್ಲ ಎಂಬುದು ನಿಜ. ಮಗನ ಬಸ್ಸಿನಲ್ಲಿ ಟಿಕೇಟಿಲ್ಲದೆ ಕೂರಲು ಅವರಿಗೆ ಮನಸ್ಸಿಲ್ಲದಿದ್ದದ್ದೂ ನಿಜ. ಆದರೆ ಅದಷ್ಟೇ ಅಲ್ಲ ಎಂದು ಅವರ ಮುಖ ನೋಡಿದರೆ ತಿಳಿಯುತ್ತಿತ್ತು.

ಆ ಭಾನುವಾರ ಕೋಳಿ ಕೂಗುವ ಹೊತ್ತಿಗೆ ಅಪ್ಪ, ಅತ್ತಿಗೆ, ನಾನು ಹೊರಟೆವು. ಅಮ್ಮ ಬಾಳೆ ಎಲೆಯಲ್ಲಿ ಬೆಲ್ಲ ಕಲಸಿದ ಅವಲಕ್ಕಿ ಕಟ್ಟಿಕೊಟ್ಟು, ಅಂಗಳದ ಬೇಲಿಯ ದಣಪೆಯವರೆಗೆ ಬಂದಳು. ಚಳಿಯ ದಿನಗಳು, ಗದ್ದೆಗಳ ಮೇಲೆ ಮಂಜು. ಮೊದಲ ಎರಡು ಗಂಟೆ ನಡೆದದ್ದೇ ಗೊತ್ತಾಗಲಿಲ್ಲ. ಆಮೇಲೆ ಬಿಸಿಲೇರಿತು, ರಸ್ತೆಯ ಕೆಂಪು ಧೂಳು ಕಾಲಿಗೆ ಮೆತ್ತತೊಡಗಿತು. ನಾನು ಹಿಂದೆ ಬೀಳುತ್ತಿದ್ದೆ. ಅಪ್ಪ ಎಲ್ಲೂ ಅವಸರ ಮಾಡಲಿಲ್ಲ, ಎಲ್ಲೂ ನಿಧಾನಿಸಲಿಲ್ಲ. ಸಿದ್ಧಕಟ್ಟೆ ಸಮೀಪಿಸುವಾಗ ಹಿಂದಿನಿಂದ ಬಸ್ಸಿನ ಹಾರನ್ ಕೇಳಿತು. ಅಣ್ಣನ ಬಸ್ಸು. ನಮ್ಮನ್ನು ದಾಟಿ ಹೋಗಿ, ಗಕ್ಕನೆ ನಿಂತಿತು.

ಅಣ್ಣ ಬಾಗಿಲಿನಿಂದ ಇಳಿದು ಓಡಿ ಬಂದ. ನಾವು ಹೊರಡುವ ವಿಷಯ ಅವನಿಗೆ ಗೊತ್ತಿತ್ತು, ನಾವು ಅರ್ಧ ದಾರಿಯಿಂದ ವಾಪಸಾಗುತ್ತೇವೆ ಎಂದುಕೊಂಡಿದ್ದನಂತೆ. ಹೆಗಲಿನಲ್ಲಿ ಚೀಲ, ಕೈಯಲ್ಲಿ ಟಿಕೇಟಿನ ಕಟ್ಟು. ಬಸ್ಸಿನ ಕಿಟಕಿಗಳಿಂದ ಜನ ತಲೆ ಹೊರಹಾಕಿ ನೋಡುತ್ತಿದ್ದರು. ಅವನು ಅಪ್ಪನ ಎದುರು ನಿಂತ. ಎಂಟು ತಿಂಗಳ ಮೇಲೆ ಅವನ ಬಾಯಿಯಿಂದ ಬಂದ ಮಾತು ಇಷ್ಟೇ:

"ಅಪ್ಪ, ಹತ್ತಿ."

ಅಪ್ಪ ಬೈರಾಸಿನಿಂದ ಮುಖ ಒರೆಸಿಕೊಂಡರು.

"ನೀನು ಹೋಗು. ಜನ ಕಾಯ್ತಾರೆ. ನಾವು ಬರ್ತೇವೆ."

ಆ ದನಿಯಲ್ಲಿ ಸಿಟ್ಟಿರಲಿಲ್ಲ. ಅಣ್ಣ ಒಂದು ಕ್ಷಣ ಅಲ್ಲಿಯೇ ನಿಂತು ಅಪ್ಪನ ಕಾಲುಗಳನ್ನು ನೋಡಿದ. ಆಮೇಲೆ ತಿರುಗಿ ಹೋಗಿ ಬಸ್ಸು ಹತ್ತಿದ. ಧೂಳು ಕಡಿಮೆಯಾಗುವವರೆಗೂ ಬಾಗಿಲಿನಲ್ಲಿ ಅವನು ನಮ್ಮ ಕಡೆಗೇ ಮುಖ ಮಾಡಿ ನಿಂತದ್ದು ಕಾಣುತ್ತಿತ್ತು. ಅತ್ತಿಗೆ ಮುಂದೆ ಹೋಗಿ ಒಂದು ಮನೆಯಲ್ಲಿ ಮಜ್ಜಿಗೆ ಕೇಳಿ ತಂದಳು. ಅವಲಕ್ಕಿ ತಿಂದು ಮತ್ತೆ ನಡೆದೆವು.

ಮೂಡಬಿದಿರೆ ಮುಟ್ಟಿದಾಗ ಮಧ್ಯಾಹ್ನ ಕಳೆದಿತ್ತು. ಧಣಿಗಳು ಮೂರು ಗಂಟೆಗೆ ಸಿಗುತ್ತಾರೆ ಎಂದರು. ಅಲ್ಲಿಯವರೆಗೆ ಸಾವಿರ ಕಂಬದ ಬಸದಿಗೆ ಹೋಗಿ ನೆರಳಿನಲ್ಲಿ ಕೂತೆವು. ನಾನು ಅದನ್ನು ನೋಡಿದ್ದು ಅದೇ ಮೊದಲು. ಒಂದು ಕಂಬದ ಹಾಗೆ ಇನ್ನೊಂದಿಲ್ಲ. ಕಲ್ಲಿನ ತಂಪು ಅಂಗಾಲಿನಿಂದ ಮೇಲಕ್ಕೇರುತ್ತಿತ್ತು. ಅಪ್ಪ ಒಂದು ಕಂಬಕ್ಕೆ ಅಂಗೈ ಒತ್ತಿ ನಿಂತು ತಲೆ ಎತ್ತಿ ಮೇಲೆ ನೋಡುತ್ತಿದ್ದರು. ಬೆನ್ನು ನೆಟ್ಟಗಿತ್ತು. ಕೋಲು ಕೈಯಲ್ಲಿರಲಿಲ್ಲ. ಅದನ್ನು ಅವರು ಮನೆಯಿಂದ ತಂದೇ ಇರಲಿಲ್ಲ ಎಂದು ನನಗೆ ಹೊಳೆದದ್ದು ಆಗ. ಯಾರೋ ಇಷ್ಟು ದೊಡ್ಡ ಕಲ್ಲುಗಳನ್ನು ತಂದು ನಿಲ್ಲಿಸಿದರು ಎಂಬುದಕ್ಕೆ ಬೆರಗಾಗಬೇಕೋ, ಜಗಲಿಯಲ್ಲಿ ಒರಗಿ ಕೂತಿದ್ದ ನನ್ನ ಅಪ್ಪ ಎದ್ದು ಇಲ್ಲಿಯವರೆಗೆ ನಡೆದು ಬಂದರು ಎಂಬುದಕ್ಕೆ ಬೆರಗಾಗಬೇಕೋ ನನಗೆ ತಿಳಿಯಲಿಲ್ಲ.

ಧಣಿಗಳು ಬಿಳಿ ಪಂಚೆ, ಬಿಳಿ ಶಾಲಿನ ವಯಸ್ಸಾದವರು. ಅಪ್ಪನನ್ನು ಕೂರಿಸಿ ಎಲ್ಲ ಕೇಳಿದರು. ಒಂದು ತಟ್ಟೆಯಲ್ಲಿ ಮೂರು ಹಿಡಿ ಭತ್ತ ತರಿಸಿ ಮುಂದಿಟ್ಟರು. ಅಪ್ಪ ಕಚ್ಚಿ ನೋಡಿ ಮೂರೂ ಯಾವ ಬೆಳೆಯದ್ದೆಂದು ಹೇಳಿದರು. ಎರಡನೆಯದನ್ನು ಇನ್ನೂ ಎರಡು ಬಿಸಿಲು ಒಣಗಿಸಬೇಕಿತ್ತು ಎಂದೂ ಸೇರಿಸಿದರು. ಧಣಿಗಳು ತಲೆಯಾಡಿಸಿದರು. ಆದರೆ ಆಮೇಲೆ ಸಂಕೋಚದಿಂದ ಹೇಳಿದರು:

"ನೀವು ಕೆಲಸ ಬಲ್ಲವರು, ಅದು ಗೊತ್ತಾಯ್ತು. ಆದರೆ ಇದು ಕೂತು ಮಾಡುವ ಕೆಲಸ ಅಲ್ಲ. ಶಿರ್ತಾಡಿ, ತೋಡಾರು ಅಂತ ದಿನಾ ತಿರುಗಬೇಕು. ಗುಡ್ಡ ಹತ್ತಬೇಕು, ಇಳಿಯಬೇಕು. ನಿಮ್ಮ ಪ್ರಾಯಕ್ಕೆ ಆಗ್ತದಾ?"

"ಇವತ್ತು ಬಂಟ್ವಾಳದಿಂದ ನಡೆದು ಬಂದೆವು," ಎಂದರು ಅಪ್ಪ.

ಧಣಿಗಳು ಅವರನ್ನೇ ನೋಡಿದರು. ಆಮೇಲೆ ಬಾಗಿಲ ಬಳಿ ನಿಂತಿದ್ದ ನನ್ನ ಕಡೆ ತಿರುಗಿದರು.

"ಹೌದಾ ಮಗಾ?"

ನಾನು ಹೌದೆಂದೆ. ಅವರು ಮೊದಲು ನನ್ನ ಕಾಲು ನೋಡಿದರು, ಆಮೇಲೆ ಅತ್ತಿಗೆಯದು, ಆಮೇಲೆ ಅಪ್ಪನದು. ಮೂರು ಜೊತೆ ಕಾಲುಗಳೂ ಮೊಣಕಾಲಿನವರೆಗೆ ಒಂದೇ ಕೆಂಪು. ಕಡೆಗೆ, ಮುಂದಿನ ಸೋಮವಾರದಿಂದ ಬನ್ನಿ ಎಂದರು. ಹೊತ್ತು ಮುಳುಗುವ ಮೊದಲು ನಮ್ಮಲ್ಲಿ ಊಟ ಮುಗಿಯಬೇಕು, ನೀವೂ ಉಂಡೇ ಹೋಗಬೇಕು ಎಂದು ಒಳಗೆ ಹೇಳಿಸಿದರು. ಆ ಸಂಜೆ ಹಿಂಬದಿಯ ಚಾವಡಿಯಲ್ಲಿ ಎಲೆ ಹಾಕಿ ಅನ್ನ, ಹೆಸರುಬೇಳೆ ತೊವ್ವೆ ಬಡಿಸಿದರು. ಅತ್ತಿಗೆ ಎರಡು ತುತ್ತು ಉಂಡು ಮೂರನೆಯದನ್ನು ಎತ್ತಲಾರದೆ ತಲೆ ಬಗ್ಗಿಸಿ ಕೂತಳು. ಅಪ್ಪ ಅವಳ ಕಡೆ ನೋಡದೆ, ಮೆಲ್ಲಗೆ, "ಉಣ್ಣು ಮಗಾ," ಎಂದರು.

ವಾಪಸು ಹೋಗಲು ಕಡೆಯ ಬಸ್ಸಿಗೆ ಬಂದೆವು. ಬಾಗಿಲಿನಲ್ಲಿ ಅಣ್ಣ. ಈ ಸಲ ಅಪ್ಪ ಹತ್ತಿದರು. ಅಣ್ಣ ಮೂರು ಟಿಕೇಟು ಹರಿದು, ತನ್ನ ಜೇಬಿನಿಂದ ಹಣ ತೆಗೆದು ಚೀಲಕ್ಕೆ ಹಾಕಿ, ಟಿಕೇಟುಗಳನ್ನು ಅಪ್ಪನ ಕೈಗೆ ಕೊಟ್ಟ. ಸಿಕ್ಕಿತಾ ಎಂದು ಕೇಳಿದ. ಸಿಕ್ಕಿತು ಎಂದರು ಅಪ್ಪ.

ಅಪ್ಪ ಆ ಮಿಲ್ಲಿನಲ್ಲಿ ಒಂಬತ್ತು ವರ್ಷ ದುಡಿದರು. ವಾರವಿಡೀ ಅಲ್ಲಿಯೇ ಇದ್ದು ಶನಿವಾರ ಮನೆಗೆ ಬರುತ್ತಿದ್ದರು, ಭಾನುವಾರ ಬೆಳಗ್ಗೆ ಹೊಳೆಗೆ ಇಳಿಯುತ್ತಿದ್ದರು. ಅಣ್ಣನ ಬೀಡಿ ಪೂರ್ತಿ ಹೋಗಲಿಲ್ಲ, ಆದರೆ ಕಡಿಮೆಯಾಯಿತು, ಹೊಟ್ಟೆಯ ಉರಿ ಹೋಯಿತು. ಅವನಿಗೆ ಬೆಳ್ತಂಗಡಿಯ ಬಸ್ಸಿನಲ್ಲಿ ಕೆಲಸವಾದ ಮೇಲೆ ಅವನೂ ಅತ್ತಿಗೆಯೂ ಮಕ್ಕಳೊಡನೆ ಅಲ್ಲಿಗೆ ಹೋದರು. ನನ್ನ ಓದು ಎಂಟನೆಯ ತರಗತಿಗೇ ನಿಲ್ಲುವುದರಲ್ಲಿತ್ತು, ನಿಲ್ಲಲಿಲ್ಲ. ಅರವತ್ತರ ದಶಕದ ನಡುವಿನಲ್ಲಿ ನಾನು ಬೆಳ್ತಂಗಡಿಯ ಹತ್ತಿರದ ಒಂದು ಶಾಲೆಯಲ್ಲಿ ಟೀಚರಾದೆ, ಅವರ ಮನೆಯಲ್ಲಿಯೇ ಇದ್ದೆ.

ಒಂದು ರಜೆಯ ದಿನ ಅತ್ತಿಗೆ ಹಿತ್ತಿಲಿನ ಚಪ್ಪರದಿಂದ ಬಸಳೆ ಕೊಯ್ಯುತ್ತಿದ್ದಳು. ನಾನು ಮೆಟ್ಟಿಲಿನಲ್ಲಿ ಕೂತು ಮಕ್ಕಳ ಪುಸ್ತಕ ತಿದ್ದುತ್ತಿದ್ದೆ. ನನಗಾಗ ಇಪ್ಪತ್ತು ದಾಟಿತ್ತು. ಅವಳು ಬಂದಾಗಿನ ಪ್ರಾಯವನ್ನು ನಾನು ದಾಟಿ ಹೋಗಿದ್ದೆ ಎಂದು ಒಮ್ಮೆಲೇ ಅನ್ನಿಸಿತು. ಗೊತ್ತಿಲ್ಲದ ಊರು, ಖಾಲಿ ಮನೆ, ಮಾತಾಡದ ಗಂಡಸರು ಎಲ್ಲ ಎದುರಿಗಿರುವಾಗ ನಾನಾಗಿದ್ದರೆ ಏನು ಮಾಡುತ್ತಿದ್ದೆ ಎಂದು ಯೋಚಿಸಿದೆ. ಅಷ್ಟು ಧೈರ್ಯ ಎಲ್ಲಿಂದ ಬಂತು ಅತ್ತಿಗೆ ಎಂದು ಕೇಳಿಯೇಬಿಟ್ಟೆ.

ಅವಳು ಎಲೆಗಳನ್ನು ಮಡಿಲಿಗೆ ಹಾಕಿಕೊಳ್ಳುತ್ತ ಹೇಳಿದಳು:

"ಧೈರ್ಯ ಎಂತದೂ ಇರಲಿಲ್ಲ ಮಾರಾಯ್ತಿ. ದಿನಾ ಹೆದರಿಕೆಯೇ. ದುಡ್ಡು ತರ್ಲಿಕ್ಕೆ ನನಗೆ ಗೊತ್ತಿರಲಿಲ್ಲ. ನಡೆಯಲಿಕ್ಕೆ, ಈಜಲಿಕ್ಕೆ, ಗಂಜಿ ಬೇಯಿಸಲಿಕ್ಕೆ ಗೊತ್ತಿತ್ತು. ಗೊತ್ತಿದ್ದದ್ದನ್ನು ಮಾಡಿದೆ."

ಅವಳು ಚಪ್ಪರದ ಇನ್ನೊಂದು ಬದಿಗೆ ಹೋದಳು. ಎಲೆಗಳ ನಡುವೆ ಅವಳ ಕೈ ಮಾತ್ರ ಕಾಣುತ್ತಿತ್ತು. ದಪ್ಪ ಬಳ್ಳಿಗಳನ್ನು ಬಿಟ್ಟು ಎಳೆಯದನ್ನಷ್ಟೇ ಆರಿಸಿ ಕೊಯ್ಯುತ್ತಿದ್ದಳು. ಪುಸ್ತಕಗಳನ್ನು ಬದಿಗಿಟ್ಟು ನಾನು ಬಹಳ ಹೊತ್ತು ಅವಳನ್ನೇ ನೋಡುತ್ತ ಕೂತೆ.